ಉದ್ಭವಿಸುವುದಿಲ್ಲ

ಬೆಟಗೇರಿಯ ರೈಲು ಗೇಟಿನ ಈಚೆ
ಗುಡಿಮನಿಯವರ ಛಾಪಖಾನೆಯಲ್ಲಿ
ಕರಡು ತಿದ್ದುತ್ತ ಕೂತಿದ್ದೇನೆ,
ಮುನ್ನೂರ ಹನ್ನೆರಡು ಪುಟ:
ಫಕ್ಕೀರಪ್ಪ ಸೊರಟೂರ ಅವರು
ಎರಡು ಅವಧಿ, ಎರಡು ಸಲವೂ
ಸಭಾಧ್ಯಕ್ಷರ ಎಡಗಡೆಯೇ ಕೂತು
ಸದನದಲ್ಲಿ ಕೇಳಿದ ಪ್ರಶ್ನೆಗಳು.
ಒಮ್ಮೆಯೂ ಮಂತ್ರಿಯಾಗದವರ ಪುಸ್ತಕ.
ಐದುನೂರು ಪ್ರತಿ, ಸ್ವಂತ ಖರ್ಚು,
ಅರ್ಧ ಮುಂಗಡ ಬಂದಿದೆ.

ಹಾಳೆ ಹಾಳೆಗೂ ಒಂದೇ ನೇಯ್ಗೆ.
ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ,
ನಡುವೆ ದಡಿಯಂಥ ಕಪ್ಪು ಗೆರೆ.

ಅ) ಬೆಟಗೇರಿಯ ಮಗ್ಗಗಳಿಗೆ ಮೂರು ತಿಂಗಳಿಂದ
ನೂಲು ಬಂದಿಲ್ಲವೆಂಬುದು
ಸರ್ಕಾರದ ಗಮನಕ್ಕೆ ಬಂದಿದೆಯೇ?
ಬಂದಿದೆ.
ಆ) ಬಂದಿದ್ದಲ್ಲಿ, ಕೈಗೊಂಡ ಕ್ರಮವೇನು?
ಪರಿಶೀಲನೆಯಲ್ಲಿದೆ.
ಇ) ನರೇಗಲ್ಲಿನ ವಿಧವೆಯರ ಪಿಂಚಣಿ
ಕೈಯಿಂದ ಕೈಗೆ ಸವೆದು
ಹತ್ತು ರೂಪಾಯಿ ಕಡಿಮೆಯಾಗಿ ಮುಟ್ಟುವುದು?
ಬಂದಿಲ್ಲ.
ಈ) ಹಾಗಾದರೆ ಆ ಹತ್ತು ರೂಪಾಯಿ ಎಲ್ಲಿ?
ಉದ್ಭವಿಸುವುದಿಲ್ಲ.

ಈ ಶಬ್ದವನ್ನೇ ಇನ್ನೂರ ಆರು ಸಲ ತಿದ್ದಿದೆ.
ದಕ್ಕೆ ಭ ಒತ್ತು, ನಮ್ಮ ಹುಡುಗ ಬ ಹಾಕುತ್ತಾನೆ.
ಮಹಾಪ್ರಾಣವಿಲ್ಲದೆ
ಒಲ್ಲೆನೆಂಬ ಮಾತೂ ನೆಟ್ಟಗೆ ನಿಲ್ಲುವುದಿಲ್ಲ.

ನಗುವೂ ಇದೆ, ಕಂಸದೊಳಗೆ.
ನೂರ ನಲವತ್ತೊಂದನೆಯ ಪುಟ,
ಬಜೆಟ್ಟಿನ ಮೇಲಿನ ಚರ್ಚೆ, ರಾತ್ರಿ ಎಂಟೂವರೆ,
ಬಹುಪಾಲು ಕುರ್ಚಿ ಖಾಲಿ.
"ದುಡಿಯಾಂವಗ ಕೆಲಸ, ಮುಪ್ಪಿಗೆ ಆಸರ
ಕೊಡ್ರಿ ಅಂತ ಸಂವಿಧಾನದಾಗ ಬರದೈತಿ.
ಆ ನಿರ್ದೇಶಕ ತತ್ವ ಐರ್ಲೆಂಡಿನಿಂದ ಕಡಾ ತಂದದ್ದು.
ಕಡಾ ತಂದ ಕೊಡಾ ನೀರ ತುಂಬಾಕ ಐತ್ರಿ,
ಬೋರಲ ಹಾಕಿ ಇಡಾಕಲ್ಲ."
ಮಾನ್ಯ ಸದಸ್ಯರೊಬ್ಬರು:
"ಐರ್ಲೆಂಡ ಯಾವ ತಾಲೂಕಿನಾಗ ಬರತೈತ್ರಿ,
ಶಿರಹಟ್ಟಿಯೋ, ರೋಣವೋ?"
(ನಗು)
"ಬಟಾಟಿ ಕೊಳತು ಮಂದಿ ಸತ್ತ ನಾಡ್ರಿ ಅದು.
ಮಂದಿ ಸಾಯೂ ಹೊತ್ತಿನಾಗೂ
ಕಾಳು ಹಡಗಾ ಹತ್ತಿ ಹೊರಗ ಹೋಗತಿತ್ತು.
ಹಸದವರು ಬರಕೊಂಡ ಮಾತು
ಹಸದವರಿಗೆ ತಿಳೀತೈತಿ."
(ಅಡ್ಡಿ)
ಸಭಾಧ್ಯಕ್ಷರು: ವಿಷಯಕ್ಕೆ ಬನ್ನಿ.

ವಿಷಯದಲ್ಲೇ ಇದ್ದಾರಲ್ಲ ಅನ್ನಿಸಿ
ಕೆಂಪು ಪೆನ್ನು ಎತ್ತಿದೆ.
ನನಗೆ ಆ ಅಧಿಕಾರವಿಲ್ಲ. ಕೆಳಗಿಟ್ಟೆ.

ಇನ್ನೂರ ಒಂಬತ್ತರಲ್ಲಿ ಕಣ್ಣು ನಿಂತಿತು.
ಗದಗ ಪಟ್ಟಣದ ಮುದ್ರಣಾಲಯಗಳಲ್ಲಿ
ಹಾಳೆ ಮಡಚುವ ಹೆಂಗಸರಿಗೆ
ಕನಿಷ್ಠ ಕೂಲಿ ಕೊಡಿಸುವ ಪ್ರಸ್ತಾವವಿದೆಯೇ?
ದಿನಾಂಕ ನೋಡಿದೆ.
ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ.
ನೂರು ಹಾಳೆ ಮಡಚಿದರೆ ಒಂದೂವರೆ ರೂಪಾಯಿ,
ಮೈದಾ ಅಂಟಿನ ವಾಸನೆಗೆ
ಮಧ್ಯಾಹ್ನದ ರೊಟ್ಟಿ ಸೇರುತ್ತಿರಲಿಲ್ಲ.
ಆ ಮಧ್ಯಾಹ್ನವೇ ಇರಬೇಕು, ಅಷ್ಟು ದೂರದಲ್ಲಿ
ನನ್ನ ಹೆಸರು ಗೊತ್ತಿರದ ಒಬ್ಬರು
ಎದ್ದು ನಿಂತು, ಧೋತರದ ಚುಂಗು ಹಿಡಿದು,
ನನ್ನ ಸಲುವಾಗಿ ಕೇಳಿದ್ದರು.
ನನಗೆ ಇವತ್ತು ಗೊತ್ತಾಗುತ್ತಿದೆ,
ಇಪ್ಪತ್ತೆರಡು ವರ್ಷದ ಮೇಲೆ, ಕರಡಿನಲ್ಲಿ.

ಗೆರೆಯ ಬಲಗಡೆ, ಸಾಲು ಹಿಡಿಸಲು ಹೋಗಿ
ನಮ್ಮ ಹುಡುಗ ಕೊನೆಯ ಇಲ್ಲವನ್ನು ನುಂಗಿದ್ದ.
ಉದ್ಭವಿಸುವುದು.
ಇರಲಿ ಬಿಡು ಅನ್ನಿಸಿತು.
ಒಂದು ಚಹಾ ಆರುವಷ್ಟು ಹೊತ್ತು
ಆ ಉತ್ತರ ಹಾಗೇ ಇತ್ತು.

ಸಂಜೆ ಅವರೇ ಬಂದರು, ಹಳೇ ಲೂನಾದ ಮೇಲೆ,
ಕೈಚೀಲದಲ್ಲಿ ಉಳಿದ ದುಡ್ಡು, ಎಲ್ಲ ಸಣ್ಣ ನೋಟು.
ಪುಟ ತೋರಿಸಿದೆ. ಆ ಹೆಂಗಸರಲ್ಲಿ ನಾನೂ ಒಬ್ಬಳೆಂದು
ಹೇಳಲಿಲ್ಲ.
ಓದಿ ನಕ್ಕರು, ಕಂಸವಿಲ್ಲದೆ.
"ಇಲ್ಲ ಅನ್ನೂದನ್ನ ಸೇರಸ್ರಿ, ಅಕ್ಕಾರ.
ನಾ ಕೇಳಿದ್ದು ಉಳೀಬೇಕಂದ್ರ
ಅವರು ಒಲ್ಲೆ ಅಂದದ್ದೂ ಉಳೀಬೇಕು."

ಸೇರಿಸಿದೆ. ಲಕ್ಕೆ ಲ ಒತ್ತು.

ಹೊರಡುವಾಗ ಮಾಲಕರ ಕಡೆ ತಿರುಗಿ
"ಇವರಿಗೆ ಈಗ ಪಗಾರ ಎಷ್ಟ ಕೊಡತೀರಿ?" ಎಂದರು.
ಮಷೀನಿನ ಸದ್ದಿನಲ್ಲಿ ಕೇಳಿಸಲಿಲ್ಲವೆಂಬಂತೆ
ಮಾಲಕರು ಕಾಗದ ಎಣಿಸತೊಡಗಿದರು.

ಕರೆಂಟು ಹೋಗಿ ಆಗಲೇ ಅರ್ಧ ತಾಸಾಗಿತ್ತು.